ಹೊಸ ವರ್ಷಕ್ಕೆ ಮನೇಲಿ ಅಡುಗೆ ಶುರು ಮಾಡೋರು ಪದೇ ಪದೇ ಕೇಳೋ ಪ್ರಶ್ನೆಗಳು

ಈ ವರ್ಷ ಆರೋಗ್ಯದ ಕಡೆ ಸ್ವಲ್ಪ ಗಮನ ಕೊಡೋಣ, ಹೊರಗಡೆಯಿಂದ ತರಿಸೋದು ಕಮ್ಮಿ ಮಾಡಿ ಮನೇಲೇ ಏನಾದ್ರೂ ಬೇಯಿಸ್ಕೊಂಡು ತಿನ್ನೋಣ ಅಂತ ಮನಸ್ಸು ಮಾಡಿರೋರು ಸಾಮಾನ್ಯವಾಗಿ ಕೇಳೋ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರ್ದಿದೀನಿ. ಅಡುಗೆ ಮನೆಗೆ ಕಾಲೇ ಇಡದೇ ಇರೋರನ್ನ ಮನಸ್ಸಲ್ಲಿ ಇಟ್ಕೊಂಡು ಬರ್ದಿರೋದು, ಹಾಗಾಗಿ ಚೆನ್ನಾಗಿ ಅಡುಗೆ ಬರೋರಿಗೆ ಕೆಲವು ವಿಷಯ ತೀರಾ ಸಣ್ಣದು ಅನ್ನಿಸ್ಬಹುದು, ಅಂಥೋರು ಉಪ್ಪು ಮತ್ತೆ ಫ್ರಿಡ್ಜ್ ಬಗ್ಗೆ ಇರೋ ಉತ್ತರಗಳನ್ನಾದ್ರೂ ಓದಿ.

ಪ್ರಶ್ನೆ: ನಂಗೆ ಅಡುಗೆ ಏನೂ ಬರಲ್ಲ. ಎಲ್ಲಿಂದ ಶುರು ಮಾಡ್ಲಿ?

ಮೂರು ಅಡುಗೆ ಆರಿಸ್ಕೊಳ್ಳಿ. ಮೂರೇ ಸಾಕು, ಹತ್ತು ಬೇಡ. ಒಂದು ಬೇಳೆ ಅಥವಾ ಕಾಳಿಂದು, ಒಂದು ತರಕಾರಿದು, ಇನ್ನೊಂದು ಸುಸ್ತಾಗಿ ಮನೆಗೆ ಬಂದ ದಿನ ಕಾಲು ಗಂಟೇಲಿ ಮುಗಿಯೋ ಅಂಥದ್ದು, ಅಂದ್ರೆ ಮೊಟ್ಟೆ ಆಗ್ಬಹುದು, ಓಟ್ಸ್ ಆಗ್ಬಹುದು, ನಿಮ್ಮ ಮನೇಲಿ ಏನು ನಡೆಯುತ್ತೋ ಅದು. ಮೊದಲ ತಿಂಗಳು ಪೂರ್ತಿ ಈ ಮೂರನ್ನೇ ತಿರುಗಿಸಿ ಮುರುಗಿಸಿ ಮಾಡಿ.

ಹೊಸ ವರ್ಷ ಬಂದ ತಕ್ಷಣ ತುಂಬಾ ಜನ ಏನ್ ಮಾಡ್ತಾರೆ ಅಂದ್ರೆ ಇಪ್ಪತ್ತು ರೆಸಿಪಿ ಸೇವ್ ಮಾಡ್ಕೊಂಡು, ಒಂದೊಂದಕ್ಕೂ ಬೇಕಾಗೋ ಹೊಸ ಹೊಸ ಸಾಮಾನು ತಂದು, ಮೊದಲ ವಾರ ದಿನಾ ಒಂದೊಂದು ಹೊಸ ಐಟಂ ಮಾಡಿ, ಎರಡನೇ ವಾರಕ್ಕೆ ಸುಸ್ತಾಗಿ ಬಿಟ್ಬಿಡ್ತಾರೆ. ಹೊಸ ಅಡುಗೆ ಅಂದ್ರೆ ಪ್ರತಿ ಹೆಜ್ಜೇಲೂ ಯೋಚನೆ ಮಾಡ್ಬೇಕು, ಫೋನ್ ನೋಡ್ಬೇಕು, ಅಳತೆ ಹಾಕ್ಬೇಕು. ಅದೇ ಒಂದು ಅಡುಗೆನ ನಾಲ್ಕೈದು ಸಲ ಮಾಡಿದ್ರೆ ಕೈ ತಾನಾಗೇ ಓಡುತ್ತೆ, ನೀರು ಎಷ್ಟು ಹಿಡಿಯುತ್ತೆ, ನಿಮ್ಮ ಒಲೆ ಉರಿ ಎಷ್ಟಿದ್ರೆ ತಳ ಹಿಡಿಯಲ್ಲ ಅನ್ನೋದು ಗೊತ್ತಾಗ್ಬಿಡುತ್ತೆ. ಆಮೇಲೆ ಅದೇ ಅಡುಗೇಲಿ ತರಕಾರಿ ಬದಲಾಯಿಸಿದ್ರೆ ಅದೇ ಇನ್ನೊಂದು ಅಡುಗೆ ಆಗುತ್ತೆ. ನನ್ನ ಪ್ರಕಾರ ವರ್ಷ ಪೂರ್ತಿ ಉಳಿಯೋದು ಈ ದಾರಿ ಒಂದೇ.

ಪ್ರಶ್ನೆ: ಮನೇಲೂ ಎಣ್ಣೆ, ಉಪ್ಪು, ಸಕ್ಕರೆ ಹಾಕ್ತೀವಲ್ಲ, ಹಂಗಿದ್ಮೇಲೆ ಮನೆ ಅಡುಗೆ ಆರೋಗ್ಯಕ್ಕೆ ಹೆಂಗೆ ಒಳ್ಳೇದು?

ಸರಿಯಾದ ಪ್ರಶ್ನೆ. ಮನೇಲಿ ಮಾಡಿದ್ದು ಅನ್ನೋ ಒಂದೇ ಕಾರಣಕ್ಕೆ ಯಾವುದೂ ಆರೋಗ್ಯಕರ ಆಗಲ್ಲ. ದಿನಾ ಮನೇಲೇ ಕರಿದು ತಿಂದ್ರೆ ಅದೂ ಕರಿದಿದ್ದೇ. ವ್ಯತ್ಯಾಸ ಏನಪ್ಪಾ ಅಂದ್ರೆ ಚಮಚ ನಿಮ್ಮ ಕೈಯಲ್ಲಿರುತ್ತೆ, ಎಷ್ಟು ಹಾಕ್ತಿದೀವಿ ಅನ್ನೋದು ಕಣ್ಣಿಗೆ ಕಾಣುತ್ತೆ. ಪ್ಯಾಕೆಟ್ ಸೂಪಲ್ಲಿ, ರೆಡಿಮೇಡ್ ಸಾಸಲ್ಲಿ ಉಪ್ಪು ಎಷ್ಟಿದೆ ಅಂತ ನಾಲಿಗೆಗೆ ಸರಿಯಾಗಿ ಗೊತ್ತಾಗಲ್ಲ, ಯಾಕಂದ್ರೆ ಅದರ ಜೊತೆ ಸಕ್ಕರೆ, ಹುಳಿ ಎಲ್ಲಾ ಸೇರಿರುತ್ತೆ.

ಇನ್ನೊಂದು ಮುಖ್ಯವಾದ ವಿಷಯ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನ ಕೆವಿನ್ ಹಾಲ್ ಮತ್ತೆ ಅವರ ತಂಡ 2019ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟ ಮಾಡಿದ್ರು. 20 ಜನಕ್ಕೆ ಎರಡು ವಾರ ಫ್ಯಾಕ್ಟರಿಯಲ್ಲಿ ತುಂಬಾ ಸಂಸ್ಕರಿಸಿದ ಆಹಾರ, ಇನ್ನೆರಡು ವಾರ ಸಂಸ್ಕರಿಸದೇ ಇರೋ ಸಾಮಾನುಗಳಿಂದ ಮಾಡಿದ ಊಟ ಕೊಟ್ಟು, ಎಷ್ಟು ಬೇಕಾದ್ರೂ ತಿನ್ನಿ ಅಂದ್ರು. ಮುಂದೆ ಇಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡು ಕಡೆನೂ ಸಮ ಇರೋ ಹಂಗೆ ನೋಡ್ಕೊಂಡಿದ್ರು. ಆದ್ರೂ ಸಂಸ್ಕರಿಸಿದ ಆಹಾರ ಇದ್ದಾಗ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದ್ರು, ಎರಡು ವಾರದಲ್ಲಿ ಸರಾಸರಿ 0.9 ಕೆ.ಜಿ. ತೂಕನೂ ಏರಿತ್ತು. ಇನ್ನೊಂದು ಊಟದಲ್ಲಿ ಹೆಚ್ಚುಕಮ್ಮಿ ಅಷ್ಟೇ ತೂಕ ಇಳೀತು. ಇದು ಮನೆ ಅಡುಗೆ ಮೇಲೆ ಮಾಡಿದ ಪ್ರಯೋಗ ಅಲ್ಲ, ಆದ್ರೆ ಅಕ್ಕಿ, ಬೇಳೆ, ತರಕಾರಿ, ಮೊಟ್ಟೆ ಥರದ ಸಾಮಾನು ತಂದು ನೀವೇ ಬೇಯಿಸೋದು ಅಂದ್ರೆ ಆ ಎರಡನೇ ಊಟದ ಹತ್ರ ಹೋಗೋದೇ ಅಲ್ವಾ.

ಪ್ರಶ್ನೆ: ಪ್ರತಿ ವರ್ಷ ಶುರು ಮಾಡ್ತೀನಿ, ತಿಂಗಳು ಮುಗಿಯೋಷ್ಟರಲ್ಲಿ ನಿಂತೋಗುತ್ತೆ. ಏನ್ ಮಾಡ್ಲಿ?

ನಿಮ್ಮಲ್ಲಿ ಛಲ ಇಲ್ಲ ಅಂತ ಅಂದ್ಕೋಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಲ್ಲಿ ಫಿಲಿಪಾ ಲ್ಯಾಲಿ ಮತ್ತೆ ಅವರ ಜೊತೆಯವರು ಅಭ್ಯಾಸ ಹೆಂಗೆ ಬೆಳೆಯುತ್ತೆ ಅಂತ ಅಧ್ಯಯನ ಮಾಡಿದ್ರು. ಊಟ, ನೀರು, ವ್ಯಾಯಾಮಕ್ಕೆ ಸಂಬಂಧಪಟ್ಟ ಒಂದು ಹೊಸ ಕೆಲಸ ಯೋಚನೆನೇ ಇಲ್ದೇ ತಾನಾಗೇ ನಡೆಯೋ ಹಂತಕ್ಕೆ ಬರೋಕೆ ಸರಾಸರಿ 66 ದಿನ ಬೇಕಾಯ್ತು, ಅದೂ ಒಬ್ಬೊಬ್ಬರಿಗೆ ಒಂದೊಂದು ಥರ, 18 ದಿನದಿಂದ ಹಿಡಿದು 254 ದಿನದ ತನಕ. ಅಂದ್ರೆ ಜನವರಿ ಕೊನೆಗೆ ಇನ್ನೂ ಕಷ್ಟ ಅನ್ನಿಸ್ತಿದೆ ಅಂದ್ರೆ ಅದು ಸಹಜ, ಅಲ್ಲಿಗೆ ಅರ್ಧ ದಾರಿ ಮಾತ್ರ ಆಗಿರುತ್ತೆ. ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ವಿಷಯ ನಂಗೆ ತುಂಬಾ ಸಮಾಧಾನ ಕೊಡುತ್ತೆ, ಮಧ್ಯೆ ಒಂದು ದಿನ ತಪ್ಪಿದ್ರೆ ಅಭ್ಯಾಸ ಬೆಳೆಯೋದಕ್ಕೆ ಹೇಳ್ಕೊಳ್ಳೋ ಅಂಥ ತೊಂದ್ರೆ ಏನೂ ಆಗಲ್ಲ. ನಿನ್ನೆ ಹೊರಗಡೆ ತಿಂದ್ರಾ, ಇವತ್ತು ಒಲೆ ಹಚ್ಚಿ, ಅಷ್ಟೇ.

ಶುರುನಲ್ಲೇ ಮೂರು ಹೊತ್ತೂ ಮನೇಲೇ ಅಂತ ಹಠ ಹಿಡೀಬೇಡಿ. ವಾರದಲ್ಲಿ ಮೂರು ರಾತ್ರಿ ಊಟ ಅಂತ ಇಟ್ಕೊಳ್ಳಿ. ಯಾವ ದಿನ ಅನ್ನೋದನ್ನ ಮೊದ್ಲೇ ಗೊತ್ತು ಮಾಡ್ಕೊಂಡಿದ್ರೆ ಒಳ್ಳೇದು, ಯಾಕಂದ್ರೆ ಹಸಿವಾದ್ಮೇಲೆ ಯೋಚನೆ ಮಾಡೋಕೆ ಕೂತ್ರೆ ಕೈ ಫೋನ್ ಕಡೆನೇ ಹೋಗೋದು.

ಪ್ರಶ್ನೆ: ಪಾತ್ರೆ ಪಗಡೆ ಏನೇನ್ ತಗೋಬೇಕು?

ಒಂದು ಚೂಪಾಗಿರೋ ಚಾಕು, ತರಕಾರಿ ಹೆಚ್ಚೋಕೆ ಒಂದು ಮಣೆ, ದಪ್ಪ ತಳದ ಒಂದು ಪಾತ್ರೆ ಅದಕ್ಕೆ ಮುಚ್ಚಳ, ಒಂದು ಬಾಣಲೆ, ಒಂದು ಸೌಟು, ಅಳತೆ ಚಮಚ. ಕುಕ್ಕರ್ ಇದ್ರೆ ಕಾಳು ಬೇಯಿಸೋರಿಗೆ ತುಂಬಾ ಅನುಕೂಲ. ಏರ್ ಫ್ರೈಯರ್, ದುಬಾರಿ ಬ್ಲೆಂಡರ್ ಇವೆಲ್ಲಾ ಮೂರು ತಿಂಗಳು ಅಡುಗೆ ಮಾಡಿದ್ಮೇಲೂ ಬೇಕು ಅನ್ನಿಸಿದ್ರೆ ಆಗ ನೋಡಿ. ಮೊಂಡಾದ ಚಾಕು ಜಾರಿ ಕೈ ಕುಯ್ಯೋ ಸಾಧ್ಯತೆ ಜಾಸ್ತಿ, ಹಾಗಾಗಿ ದುಡ್ಡು ಹಾಕೋದಿದ್ರೆ ಚಾಕುಗೆ ಹಾಕಿ. ಹಸಿ ಮಾಂಸ ಮುಟ್ಟೋರಾದ್ರೆ ಅದಕ್ಕೆ ಬೇರೆ ಮಣೆ ಇಟ್ಕೊಳ್ಳಿ.

ಪ್ರಶ್ನೆ: ಮನೇಲಿ ಯಾವಾಗ್ಲೂ ಏನೇನ್ ಸ್ಟಾಕ್ ಇರ್ಬೇಕು?

ತರಕಾರಿ ತರೋಕೆ ಆಗದೇ ಇದ್ದ ದಿನ ಕೂಡ ಒಂದು ಊಟ ಎದ್ದು ಬರೋ ಅಷ್ಟು. ಒಂದು ಧಾನ್ಯ, ಬೇಗ ಬೇಯೋ ಒಂದು ಬೇಳೆ, ಒಂದು ಕಾಳು, ಎಣ್ಣೆ, ಉಪ್ಪು, ನಿಮಗಿಷ್ಟವಾದ ಎರಡು ಮೂರು ಮಸಾಲೆ ಪುಡಿ, ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ನಿಂಬೆಹಣ್ಣು. ಮೊಟ್ಟೆ ತಿನ್ನೋರಾದ್ರೆ ಮೊಟ್ಟೆ. ಫ್ರೀಜರಲ್ಲಿ ಒಂದು ಪ್ಯಾಕೆಟ್ ಬಟಾಣಿನೋ ಮಿಕ್ಸ್ ತರಕಾರಿನೋ. ಸೊಪ್ಪು, ಟೊಮೆಟೊ, ಹಣ್ಣು ವಾರಕ್ಕೆರಡು ಸಲ ತಂದ್ರೆ ಸಾಕು. ಆಲೂಗಡ್ಡೆ ಮತ್ತೆ ಈರುಳ್ಳಿನ ಒಂದೇ ಬುಟ್ಟಿಗೆ ಹಾಕ್ಬೇಡಿ, ಬೇರೆ ಬೇರೆ ಕಡೆ ಗಾಳಿ ಆಡೋ ಹಂಗೆ, ಬೆಳಕು ಬೀಳದೇ ಇರೋ ಜಾಗದಲ್ಲಿಡಿ. ಹಸಿರಾಗಿರೋ ಆಲೂಗಡ್ಡೆ ತಿನ್ಬೇಡಿ.

ಪ್ರಶ್ನೆ: ತಟ್ಟೇಲಿ ಯಾವುದು ಎಷ್ಟಿರ್ಬೇಕು? ತೂಕ ಹಾಕಿ ತಿನ್ಬೇಕಾ?

ತಕ್ಕಡಿ ಏನೂ ಬೇಡ. ಹಾರ್ವರ್ಡ್‌ನ ಸಾರ್ವಜನಿಕ ಆರೋಗ್ಯ ಶಾಲೆಯವರು 2011ರಲ್ಲಿ ಒಂದು ತಟ್ಟೆ ಚಿತ್ರ ಮಾಡಿದ್ರು, ಅದು ನೆನಪಿಡೋಕೆ ತುಂಬಾ ಸುಲಭ. ಅರ್ಧ ತಟ್ಟೆ ತರಕಾರಿ ಮತ್ತೆ ಹಣ್ಣು, ಕಾಲು ಭಾಗ ಇಡೀ ಧಾನ್ಯ ಅಂದ್ರೆ ತವುಡು ತೆಗೆಯದೇ ಇರೋದು, ಇನ್ನು ಕಾಲು ಭಾಗ ಪ್ರೋಟೀನ್ ಅಂದ್ರೆ ಬೇಳೆ, ಕಾಳು, ಮೀನು, ಕೋಳಿ, ಇಂಥದ್ದು. ಅವರ ಲೆಕ್ಕದಲ್ಲಿ ಆಲೂಗಡ್ಡೆ ತರಕಾರಿ ಭಾಗಕ್ಕೆ ಸೇರಲ್ಲ, ಇದನ್ನ ತುಂಬಾ ಜನ ಮರೀತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಇದಕ್ಕೆ ಹತ್ರಾನೇ ಇದೆ, ದೊಡ್ಡವರು ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ ಹಣ್ಣು ತಿನ್ಬೇಕು, ಅದರಲ್ಲಿ ಆಲೂಗಡ್ಡೆ, ಗೆಣಸು ಲೆಕ್ಕಕ್ಕಿಲ್ಲ.

ನಮ್ಮಲ್ಲಿ ಬಹಳಷ್ಟು ಜನ ತಟ್ಟೆ ತುಂಬಾ ಧಾನ್ಯ ಹಾಕ್ಕೊಂಡು ತರಕಾರಿನ ಪಕ್ಕದಲ್ಲಿ ಒಂದು ಚಮಚ ಬಡಿಸ್ಕೊಳ್ತೀವಿ. ಅದನ್ನ ತಿರುಗಿಸಿದ್ರೆ ಸಾಕು, ಮೊದಲು ತರಕಾರಿ ಬಡಿಸ್ಕೊಂಡು ಉಳಿದ ಜಾಗದಲ್ಲಿ ಮಿಕ್ಕಿದ್ದು. ಹೊಸ ಅಡುಗೆನೇ ಕಲೀದೇ ಇದೊಂದು ಬದಲಾವಣೆ ಮಾಡ್ಬಹುದು.

ಪ್ರಶ್ನೆ: ಉಪ್ಪು ಎಷ್ಟು ಹಾಕ್ಬೇಕು? ಕಮ್ಮಿ ಮಾಡಿದ್ರೆ ಬಾಯಿಗೇ ಇಡೋಕಾಗಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ಇರ್ಬೇಕು, ಅಂದ್ರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಮ್ಮಿ. ಪ್ರಪಂಚದಲ್ಲಿ ಜನ ಸರಾಸರಿ ತಿಂತಿರೋದು ಇದರ ಎರಡರಷ್ಟು. ಈ 5 ಗ್ರಾಂ ಅನ್ನೋದು ಅಡುಗೆಗೆ ಹಾಕೋದು ಮಾತ್ರ ಅಲ್ಲ, ಬ್ರೆಡ್ಡು, ಬಿಸ್ಕತ್ತು, ಚಿಪ್ಸು, ಉಪ್ಪಿನಕಾಯಿ, ಸಾಸು ಎಲ್ಲಾ ಸೇರಿ. ಹಾಗಾಗಿ ಮೊದಲು ಪ್ಯಾಕೆಟ್ಟಿಂದ ಬರೋ ಉಪ್ಪನ್ನ ಕಮ್ಮಿ ಮಾಡಿ, ಆಗ ಅಡುಗೆಗೆ ಹಾಕೋಕೆ ಸ್ವಲ್ಪ ಜಾಗ ಸಿಗುತ್ತೆ.

ಒಂದೇ ದಿನಕ್ಕೆ ಅರ್ಧಕ್ಕರ್ಧ ಇಳಿಸಿದ್ರೆ ಯಾರಿಗೂ ಸೇರಲ್ಲ, ಮನೆಯವರು ಮೇಲಿಂದ ಉಪ್ಪು ಉದುರಿಸ್ಕೊಳ್ತಾರೆ, ಮತ್ತೆ ಅಲ್ಲಿಗೇ ಬಂತು. ಹಂಗಾಗಿ ಮೊದಲು ಈಗ ಎಷ್ಟು ಹಾಕ್ತಿದೀರಾ ಅಂತ ಅಳತೆ ಚಮಚದಲ್ಲಿ ಒಂದು ಸಲ ನೋಡಿ, ಕೈ ಅಂದಾಜು ಬೇಡ. ಆಮೇಲೆ ವಾರ ವಾರ ಚೂರು ಚೂರೇ ಇಳಿಸಿ. ನಾಲಿಗೆ ಹೊಂದ್ಕೊಳ್ಳುತ್ತೆ, ಕೆಲವು ವಾರ ಹಿಡಿಯುತ್ತೆ ಅಷ್ಟೇ, ಆಮೇಲೆ ಮೊದಲು ಸರಿ ಇತ್ತು ಅನ್ನಿಸ್ತಿದ್ದ ಊಟನೇ ಉಪ್ಪು ಜಾಸ್ತಿ ಅನ್ನಿಸೋಕೆ ಶುರುವಾಗುತ್ತೆ. ಇನ್ನೊಂದು ಉಪಾಯ ಅಂದ್ರೆ ಕೊನೇಲಿ ನಿಂಬೆರಸ ಹಿಂಡೋದು. ಹುಳಿ ಬಿದ್ರೆ ಕಮ್ಮಿ ಉಪ್ಪಲ್ಲೂ ರುಚಿ ಎದ್ದು ಕಾಣುತ್ತೆ. ಬೆಳ್ಳುಳ್ಳಿ, ಶುಂಠಿ, ಮೆಣಸು, ಹುರಿದ ಜೀರಿಗೆ, ಹಸಿ ಸೊಪ್ಪು ಇವೂ ಅದೇ ಕೆಲಸ ಮಾಡ್ತವೆ. ಉಪ್ಪು ಯಾವ ಥರದ್ದೇ ಆಗ್ಲಿ, ಕಲ್ಲುಪ್ಪು, ಗುಲಾಬಿ ಬಣ್ಣದ ಉಪ್ಪು, ಸಮುದ್ರದ ಉಪ್ಪು, ಎಲ್ಲಾದ್ರಲ್ಲೂ ಇರೋದು ಮುಖ್ಯವಾಗಿ ಸೋಡಿಯಂ ಕ್ಲೋರೈಡೇ. ಅಯೋಡಿನ್ ಸೇರಿಸಿರೋದನ್ನೇ ತಗೊಳ್ಳಿ.

ಪ್ರಶ್ನೆ: ಲೋ ಸೋಡಿಯಂ ಉಪ್ಪು ಬಳಸ್ಬಹುದಾ?

ಅದರಲ್ಲಿ ಸೋಡಿಯಂ ಬದಲು ಸ್ವಲ್ಪ ಪೊಟ್ಯಾಸಿಯಂ ಇರುತ್ತೆ. ಆರೋಗ್ಯವಾಗಿರೋ ಬಹುಪಾಲು ದೊಡ್ಡವರಿಗೆ ಪರವಾಗಿಲ್ಲ, ಆದ್ರೆ ಕಿಡ್ನಿ ತೊಂದ್ರೆ ಇರೋರಿಗೆ, ಪೊಟ್ಯಾಸಿಯಂ ಏರಿಸೋ ಕೆಲವು ಬಿಪಿ ಮಾತ್ರೆ ತಗೊಳ್ಳೋರಿಗೆ ಇದು ಅಪಾಯ ಆಗ್ಬಹುದು. ಮನೇಲಿ ಅಂಥೋರು ಒಬ್ಬರಿದ್ರೂ ಡಾಕ್ಟರನ್ನ ಕೇಳದೇ ತರಬೇಡಿ.

ಪ್ರಶ್ನೆ: ಎಣ್ಣೆ ಪೂರ್ತಿ ಬಿಟ್ಬಿಡ್ಲಾ?

ಬೇಡ. ಕ್ಯಾರೆಟ್, ಸೊಪ್ಪು, ಟೊಮೆಟೊದಲ್ಲಿರೋ ಕ್ಯಾರೊಟಿನಾಯ್ಡ್ ಅನ್ನೋ ಬಣ್ಣದ ಅಂಶಗಳು, ಆಮೇಲೆ ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತೋಕೆ ಊಟದಲ್ಲಿ ಸ್ವಲ್ಪ ಕೊಬ್ಬು ಬೇಕೇ ಬೇಕು. ಆದ್ರೆ ಬಾಟಲಿಯಿಂದ ನೇರವಾಗಿ ಸುರೀಬೇಡಿ, ಚಮಚದಲ್ಲಿ ಹಾಕಿ. ಒಂದು ಟೇಬಲ್ ಚಮಚ ಎಣ್ಣೇಲಿ ಸುಮಾರು 120 ಕ್ಯಾಲೊರಿ ಇದೆ, ಅದು ಯಾವ ಎಣ್ಣೆ ಆದ್ರೂ ಅಷ್ಟೇ, ಬಾಟಲಿ ಮೇಲೆ ಲೈಟ್ ಅಂತ ಬರ್ದಿದ್ರೂ ಅಷ್ಟೇ. ವನಸ್ಪತಿ ಥರ ಗಟ್ಟಿ ಮಾಡಿದ ಎಣ್ಣೇಲಿ ಟ್ರಾನ್ಸ್ ಕೊಬ್ಬು ಇರ್ಬಹುದು, ಅದು ಹೃದಯಕ್ಕೆ ಒಳ್ಳೇದಲ್ಲ, ದೂರ ಇಡಿ. ಕರಿದು ಉಳಿದ ಎಣ್ಣೆನ ಮತ್ತೆ ಮತ್ತೆ ಕಾಯಿಸೋದೂ ಬೇಡ.

ಪ್ರಶ್ನೆ: ನಾನು ಮಾಡಿದ್ದೆಲ್ಲಾ ಸಪ್ಪೆ ಸಪ್ಪೆ ಆಗುತ್ತೆ. ಹೋಟೆಲ್ ರುಚಿ ಯಾಕೆ ಬರಲ್ಲ?

ಬಹಳ ಸಲ ಇದಕ್ಕೆ ಕಾರಣ ಮಸಾಲೆ ಅಲ್ಲ, ಉರಿ. ಬಾಣಲೆ ಸರಿಯಾಗಿ ಕಾಯೋ ಮೊದ್ಲೇ ತರಕಾರಿ ಸುರೀತೀವಿ, ಅದೂ ಗುಡ್ಡೆ ಹಾಕ್ತೀವಿ, ಆಗ ತರಕಾರಿ ನೀರು ಬಿಟ್ಕೊಂಡು ತನ್ನದೇ ಹಬೇಲಿ ಬೆಂದು ಮೆತ್ತಗಾಗುತ್ತೆ, ಹುರಿಯೋದೇ ಇಲ್ಲ. ಬಾಣಲೆ ಚೆನ್ನಾಗಿ ಕಾಯ್ಲಿ, ತರಕಾರಿ ಒದ್ದೆ ಇರಬಾರ್ದು, ಒಂದೇ ಪದರದಲ್ಲಿ ಹರಡ್ಕೊಳ್ಳೋ ಅಷ್ಟೇ ಹಾಕಿ, ಹಾಕಿದ ತಕ್ಷಣ ಕೆದಕ್ತಾ ಕೂರಬೇಡಿ. ಮೇಲ್ಮೈ ಕಂದು ಬಣ್ಣಕ್ಕೆ ತಿರುಗಿದಾಗ ಬರೋ ಆ ಘಮ ಇದ್ಯಲ್ಲ, ಅದಕ್ಕೆ ಮೈಯಾರ್ ರಿಯಾಕ್ಷನ್ ಅಂತಾರೆ, 1912ರಲ್ಲಿ ಅದನ್ನ ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಯ್ ಮೈಯಾರ್ ಅವರ ಹೆಸರು. ಪ್ರೋಟೀನಿನ ಅಂಶಗಳೂ ಸಕ್ಕರೆ ಅಂಶಗಳೂ ಬಿಸಿಗೆ ಸೇರಿ ನೂರಾರು ಥರದ ರುಚಿ ಹುಟ್ಟುತ್ತೆ. ನೀರಿರೋ ತನಕ ಪಾತ್ರೆ ಬಿಸಿ 100 ಡಿಗ್ರಿ ದಾಟಲ್ಲ, ಅದಕ್ಕೇ ಬೇಯಿಸಿದ್ದರಲ್ಲಿ ಆ ಘಮ ಇರಲ್ಲ. ಹಾಗಂತ ಕರಕಲು ಮಾಡ್ಬೇಡಿ, ಆಲೂಗಡ್ಡೆ, ಬ್ರೆಡ್ ಥರದ ಪಿಷ್ಟದ ಸಾಮಾನು ತುಂಬಾ ಕಪ್ಪಾದ್ರೆ ಅಕ್ರಿಲಮೈಡ್ ಅನ್ನೋ ಬೇಡದ ವಸ್ತು ಜಾಸ್ತಿ ಆಗುತ್ತೆ. ಹೊಂಬಣ್ಣ ಸಾಕು.

ಈರುಳ್ಳಿಗೂ ಇದೇ ಮಾತು. ಎರಡು ನಿಮಿಷಕ್ಕೇ ಅವಸರ ಮಾಡಿ ಮುಂದಿನ ಸಾಮಾನು ಹಾಕೋ ಬದಲು ಮಧ್ಯಮ ಉರೀಲಿ ಎಂಟ್ಹತ್ತು ನಿಮಿಷ ಬಾಡಿಸಿ ನೋಡಿ, ಬೇರೆ ಏನೂ ಬದಲಾಯಿಸದೇ ಅಡುಗೆ ರುಚಿ ಎಷ್ಟು ಏರುತ್ತೆ ಅಂತ ನಿಮಗೇ ಗೊತ್ತಾಗುತ್ತೆ. ಆಮೇಲೆ ಬಡಿಸೋ ಮೊದಲು ಒಂದು ಸಲ ರುಚಿ ನೋಡಿ. ಇದನ್ನ ಹೇಳ್ಬೇಕಾ ಅನ್ನಿಸ್ಬಹುದು, ಆದ್ರೆ ಹೊಸಬರು ಬಹಳ ಜನ ತಟ್ಟೆಗೆ ಬರೋ ತನಕ ರುಚಿನೇ ನೋಡಿರಲ್ಲ.

ಪ್ರಶ್ನೆ: ಬೇಯಿಸಿದ್ರೆ ವಿಟಮಿನ್ ಎಲ್ಲಾ ಹೋಗುತ್ತಂತೆ, ಹೌದಾ?

ಎಲ್ಲಾ ಹೋಗಲ್ಲ. ವಿಟಮಿನ್ ಸಿ ಮತ್ತೆ ಬಿ ಗುಂಪಿನ ಕೆಲವು ವಿಟಮಿನ್ ನೀರಲ್ಲಿ ಕರಗ್ತವೆ, ತುಂಬಾ ನೀರಲ್ಲಿ ಕುದಿಸಿ ಆ ನೀರು ಚೆಲ್ಲಿದ್ರೆ ಅದರ ಜೊತೆ ಹೋಗ್ತವೆ. ಹಬೇಲಿ ಬೇಯಿಸಿ, ಇಲ್ಲಾ ಸ್ವಲ್ಪ ನೀರಲ್ಲಿ ಮುಚ್ಚಳ ಮುಚ್ಚಿ ಬೇಯಿಸಿ, ಅಥವಾ ಬೇಯಿಸಿದ ನೀರನ್ನ ಸೂಪಿಗೋ ಬೇಳೆಗೋ ಸೇರಿಸಿ. ಟೊಮೆಟೊಗೆ ಕೆಂಪು ಬಣ್ಣ ಕೊಡೋ ಲೈಕೊಪೀನ್ ಅನ್ನೋ ಅಂಶ ಅಂತೂ ಬೇಯಿಸಿದ್ಮೇಲೇ ಮೈಗೆ ಚೆನ್ನಾಗಿ ಹತ್ತೋದು. ಹಸಿ ಸಲಾಡ್ ಒಂದಿಷ್ಟು, ಬೇಯಿಸಿದ್ದು ಒಂದಿಷ್ಟು ಅಂತ ಎರಡೂ ಇದ್ರೆ ಚಿಂತೆ ಮಾಡೋ ಅಗತ್ಯನೇ ಇಲ್ಲ.

ಒಂದು ಸಣ್ಣ ವಿಷಯ ಇಲ್ಲೇ ಹೇಳ್ಬಿಡ್ತೀನಿ, ಬೇಳೆ ಕಾಳು ಸೊಪ್ಪಲ್ಲಿರೋ ಕಬ್ಬಿಣದ ಅಂಶ ಮೈಗೆ ಹತ್ತೋಕೆ ವಿಟಮಿನ್ ಸಿ ಸಹಾಯ ಮಾಡುತ್ತೆ, ಅದಕ್ಕೆ ನಿಂಬೆ ಹಿಂಡೋದು ಬರೀ ರುಚಿಗಲ್ಲ. ಊಟದ ಜೊತೇಲೇ ಟೀ ಕಾಫಿ ಕುಡಿದ್ರೆ ಅದು ಉಲ್ಟಾ ಕೆಲಸ ಮಾಡುತ್ತೆ, ಸ್ವಲ್ಪ ಹೊತ್ತು ಬಿಟ್ಟು ಕುಡೀರಿ.

ಪ್ರಶ್ನೆ: ಫ್ರೋಜನ್ ತರಕಾರಿ ತಗೊಂಡ್ರೆ ಮೋಸ ಮಾಡಿದಂಗೆ ಅಲ್ವಾ?

ಖಂಡಿತ ಅಲ್ಲ. ಕಿತ್ತು ಸ್ವಲ್ಪ ಹೊತ್ತಲ್ಲೇ ಬಿಸಿನೀರಲ್ಲಿ ಅದ್ದಿ ತೆಗೆದು ಫ್ರೀಜ್ ಮಾಡಿರ್ತಾರೆ, ಪೋಷಕಾಂಶ ತಾಜಾ ತರಕಾರಿಗೆ ಹೆಚ್ಚುಕಮ್ಮಿ ಸಮ ಇರುತ್ತೆ, ಒಂದು ವಾರ ಫ್ರಿಡ್ಜಲ್ಲಿ ಬಾಡಿ ಹೋದ ತರಕಾರಿಗಿಂತ ಚೆನ್ನಾಗೇ ಇರ್ಬಹುದು. ಉಪ್ಪು, ಬೆಣ್ಣೆ, ಸಾಸ್ ಸೇರಿಸದೇ ಇರೋದನ್ನ ನೋಡಿ ತಗೊಳ್ಳಿ. ಬೇಯಿಸಿ ಡಬ್ಬೀಲಿ ತುಂಬಿ ಮಾರೋ ಕಾಳೂ ಪರವಾಗಿಲ್ಲ, ಅದರ ನೀರು ಬಸಿದು ತೊಳೆದ್ರೆ ಉಪ್ಪಿನಂಶ ಒಂದಿಷ್ಟು ಕಮ್ಮಿ ಆಗುತ್ತೆ.

ಪ್ರಶ್ನೆ: ಒಣ ಕಾಳು ಬೇಯಿಸೋವಾಗ ಏನಾದ್ರೂ ಹುಷಾರಾಗಿರ್ಬೇಕಾ?

ರಾಜ್ಮಾ ವಿಷಯದಲ್ಲಿ ಹೌದು, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನೋ ಒಂದು ಥರದ ಪ್ರೋಟೀನ್ ತುಂಬಾ ಇರುತ್ತೆ, ಸರಿಯಾಗಿ ಬೇಯದೇ ಇದ್ರೆ ನಾಲ್ಕೈದು ಕಾಳು ತಿಂದ್ರೂ ವಾಂತಿ ಭೇದಿ ಶುರುವಾಗ್ಬಹುದು. ರಾತ್ರಿ ಪೂರ್ತಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕೊತ ಕೊತ ಅಂತ ಕನಿಷ್ಠ 10 ನಿಮಿಷ ಕುದಿಸ್ಲೇಬೇಕು, ಅರ್ಧ ಗಂಟೆ ಕುದಿಸಿದ್ರೆ ಇನ್ನೂ ನಿಶ್ಚಿಂತೆ, ಆಮೇಲೆ ಮೆತ್ತಗಾಗೋ ತನಕ ಬೇಯಿಸಿ. ಸ್ಲೋ ಕುಕ್ಕರಲ್ಲಿ ನೇರವಾಗಿ ಹಾಕ್ಬೇಡಿ, ಅದು ಅಷ್ಟು ಬಿಸಿ ಆಗಲ್ಲ, ಸಣ್ಣ ಬಿಸೀಲಿ ಅರೆಬೆಂದ ರಾಜ್ಮಾ ಹಸಿ ಕಾಳಿಗಿಂತ್ಲೂ ಕೆಟ್ಟದ್ದು. ಪ್ರೆಶರ್ ಕುಕ್ಕರಲ್ಲಿ ಪೂರ್ತಿ ಬೇಯಿಸಿದ್ರೆ ತೊಂದ್ರೆ ಇಲ್ಲ. ಸಿಪ್ಪೆ ತೆಗೆದು ಒಡೆದ ಬೇಳೆಗಳಿಗೆ ಈ ಯೋಚನೆ ಬೇಡ, ನೆನೆಸದೇ ಇದ್ರೂ ಬೇಯ್ತವೆ.

ಪ್ರಶ್ನೆ: ರಜೆ ದಿನ ಮಾಡಿಟ್ಟು ವಾರ ಪೂರ್ತಿ ತಿನ್ಬಹುದಾ?

ವಾರ ಪೂರ್ತಿ ಫ್ರಿಡ್ಜಲ್ಲಿ ಬೇಡ. ಬೇಯಿಸಿದ ಊಟ ಫ್ರಿಡ್ಜಲ್ಲಿ ಮೂರ್ನಾಲ್ಕು ದಿನ, ಅದಕ್ಕಿಂತ ಜಾಸ್ತಿ ದಿನಕ್ಕೆ ಫ್ರೀಜರ್. ಭಾನುವಾರ ಮಾಡಿದ್ರೆ ಬುಧವಾರದ ತನಕ ಬೇಕಾಗೋದನ್ನ ಫ್ರಿಡ್ಜಲ್ಲಿಟ್ಟು ಉಳಿದಿದ್ದನ್ನ ಅವತ್ತೇ ಫ್ರೀಜರಿಗೆ ಹಾಕಿ, ಡಬ್ಬಿ ಮೇಲೆ ತಾರೀಖು ಬರೀರಿ.

ಇಲ್ಲಿ ನಾಲ್ಕು ವಿಷಯ ಗೊತ್ತಿರ್ಬೇಕು. ಬ್ಯಾಕ್ಟೀರಿಯಾ ಬೇಗ ಬೆಳೆಯೋದು 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ, ಅದಕ್ಕೆ ಮಾಡಿದ ಅಡುಗೆ ಹೊರಗಡೆ ಎರಡು ಗಂಟೆಗಿಂತ ಜಾಸ್ತಿ ಇರಬಾರ್ದು. ದೊಡ್ಡ ಪಾತ್ರೆಲೇ ಇಟ್ರೆ ಒಳಗಡೆ ತಣ್ಣಗಾಗೋಕೆ ಗಂಟೆಗಟ್ಟಲೆ ಬೇಕು, ಅಗಲವಾಗಿರೋ ಚಿಕ್ಕ ಚಿಕ್ಕ ಡಬ್ಬಿಗೆ ಹಾಕಿ ಆರಿಸಿ ಫ್ರಿಡ್ಜಿಗಿಡಿ. ಮತ್ತೆ ಬಿಸಿ ಮಾಡೋವಾಗ ಹಬೆಯಾಡೋ ಹಂಗೆ ಒಳಗಿನ ತನಕ ಬಿಸಿ ಆಗ್ಬೇಕು, ಉಗುರು ಬೆಚ್ಚಗೆ ಸಾಲಲ್ಲ, ಮತ್ತೆ ಎಷ್ಟು ತಿಂತೀರೋ ಅಷ್ಟನ್ನೇ ತೆಗೆದು ಬಿಸಿ ಮಾಡಿ. ನಾಲ್ಕನೇದು ವಾಸನೆ. ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಎಷ್ಟೋ ಸಲ ವಾಸನೆನೂ ಬದಲಾಯಿಸಲ್ಲ ರುಚಿನೂ ಬದಲಾಯಿಸಲ್ಲ, ಮೂಗನ್ನ ನಂಬ್ಕೊಂಡು ಕೂರಬೇಡಿ.

ಅನ್ನದ ವಿಷಯದಲ್ಲಿ ಇನ್ನೂ ಹುಷಾರು. ಅಕ್ಕೀಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಇರ್ಬಹುದು, ಬೇಯಿಸಿದ್ರೂ ಅದು ಸಾಯಲ್ಲ, ಅನ್ನ ಹೊರಗಡೆ ಹಂಗೇ ಬಿದ್ದಿದ್ರೆ ಬೆಳೆದು ವಿಷ ಬಿಡುತ್ತೆ, ಆ ವಿಷ ಮತ್ತೆ ಬಿಸಿ ಮಾಡಿದ್ರೆ ಹೋಗಲ್ಲ. ಮಿಕ್ಕ ಅನ್ನ ಬೇಗ ಆರಿಸಿ ಫ್ರಿಡ್ಜಿಗಿಟ್ಟು ಮಾರನೇ ದಿನದೊಳಗೆ ಮುಗಿಸಿ.

ಪ್ರಶ್ನೆ: ಆಫೀಸಿಂದ ಬರೋದೇ ಲೇಟು, ಯಾವಾಗ ಮಾಡ್ಲಿ?

ಸಮಯ ತಿನ್ನೋದು ಬೇಯಿಸೋದಕ್ಕಿಂತ ಹೆಚ್ಚೋದು, ತೊಳೆಯೋದು. ಎರಡು ದಿನಕ್ಕಾಗೋ ಅಷ್ಟು ಈರುಳ್ಳಿ, ಗಟ್ಟಿ ತರಕಾರಿ ಒಂದೇ ಸಲ ಹೆಚ್ಚಿ ಮುಚ್ಚಿದ ಡಬ್ಬೀಲಿ ಫ್ರಿಡ್ಜಲ್ಲಿಟ್ರೆ ರಾತ್ರಿ ಕೆಲಸ ಅರ್ಧ ಆಗುತ್ತೆ. ಬೆಳಗ್ಗೆ ಹೊರಡೋ ಮೊದಲು ಕಾಳು ನೆನೆಹಾಕಿ ಹೋಗಿ. ಬೇಳೆ ಒಲೆ ಮೇಲಿದ್ದಾಗ ನೀವು ನಿಂತು ನೋಡ್ತಾ ಇರ್ಬೇಕಿಲ್ಲ, ಸ್ನಾನ ಮಾಡಿ ಬರೋಷ್ಟರಲ್ಲಿ ಆಗ್ಬಿಡುತ್ತೆ ಅನ್ನೋರೂ ಇದಾರೆ, ಆದ್ರೆ ಒಲೆ ಉರೀತಿರೋವಾಗ ಮನೆ ಬಿಟ್ಟು ಹೋಗ್ಬೇಡಿ, ಎಣ್ಣೆ ಇಟ್ಟಿದ್ರಂತೂ ಅಡುಗೆ ಮನೆನೂ ಬಿಡ್ಬೇಡಿ. ಏನೂ ಆಗಲ್ಲ ಅನ್ನೋ ದಿನಕ್ಕೆ ಎರಡು ಮೊಟ್ಟೆ, ಒಂದು ಹಿಡಿ ಸೊಪ್ಪು, ಬ್ರೆಡ್ಡು, ಒಂದು ಹಣ್ಣು. ಇದೂ ಊಟಾನೇ, ಇದಕ್ಕೆ ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಎಣ್ಣೆಗೆ ಬೆಂಕಿ ಹತ್ಕೊಂಡ್ರೆ?

ನೀರು ಹಾಕ್ಲೇಬೇಡಿ. ನೀರು ಕಾದ ಎಣ್ಣೇಲಿ ಒಮ್ಮೆಲೇ ಆವಿ ಆಗಿ ಉರಿಯೋ ಎಣ್ಣೆನ ಎಲ್ಲಾ ಕಡೆ ಎರಚುತ್ತೆ. ಸಾಧ್ಯ ಆದ್ರೆ ಒಲೆ ಆಫ್ ಮಾಡಿ, ಪಕ್ಕದಿಂದ ಮುಚ್ಚಳ ಜಾರಿಸಿ ಮುಚ್ಚಿ, ಪಾತ್ರೆ ಎತ್ಕೊಂಡು ಓಡಬೇಡಿ, ಪೂರ್ತಿ ತಣ್ಣಗಾಗೋ ತನಕ ಮುಚ್ಚಳ ತೆಗೀಬೇಡಿ. ಕೈ ಮೀರಿದ್ರೆ ಎಲ್ಲರನ್ನೂ ಕರ್ಕೊಂಡು ಹೊರಗೆ ಹೋಗಿ ಅಗ್ನಿಶಾಮಕದವರಿಗೆ ಫೋನ್ ಮಾಡಿ. ಕೈ ಸುಟ್ರೆ ಹರಿಯೋ ನಲ್ಲಿ ನೀರಲ್ಲಿ 20 ನಿಮಿಷ ಹಿಡೀರಿ, ಐಸು, ಪೇಸ್ಟು, ಬೆಣ್ಣೆ ಹಚ್ಬೇಡಿ.

ಪ್ರಶ್ನೆ: ಹಸಿ ಕೋಳಿ ಮಾಂಸ ತೊಳೀಬೇಕಾ?

ನಲ್ಲಿ ಕೆಳಗೆ ತೊಳೆದ್ರೆ ಬ್ಯಾಕ್ಟೀರಿಯಾ ಹೋಗಲ್ಲ, ನೀರಿನ ಹನಿ ಜೊತೆ ಸಿಂಕು, ಪಾತ್ರೆ, ಪಕ್ಕದಲ್ಲಿರೋ ಸೊಪ್ಪಿಗೆಲ್ಲಾ ಹಾರುತ್ತೆ. ಅದನ್ನ ಸಾಯಿಸೋದು ಬಿಸಿ ಮಾತ್ರ, ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟೋ ತನಕ ಬೇಯಿಸಿ. ಮುಟ್ಟಿದ್ಮೇಲೆ ಸೋಪ್ ಹಾಕಿ 20 ಸೆಕೆಂಡಾದ್ರೂ ಕೈ ತೊಳೀರಿ.

ಪ್ರಶ್ನೆ: ನಾನು ಒಬ್ಬನೇ ಇರೋದು, ಒಬ್ಬನಿಗೋಸ್ಕರ ಮಾಡೋಕೆ ಮನಸ್ಸೇ ಬರಲ್ಲ.

ಇದು ನಿಜವಾಗ್ಲೂ ಕಷ್ಟ, ನಂಗೆ ಅರ್ಥ ಆಗುತ್ತೆ. ಒಬ್ಬರಿಗೆ ಅಂತ ಅಳತೆ ಹಾಕೋಕೆ ಹೋಗ್ಬೇಡಿ, ಯಾವಾಗ್ಲೂ ಮೂರು ಜನಕ್ಕಾಗೋ ಅಷ್ಟು ಮಾಡಿ, ಒಂದು ಪಾಲು ಈಗ, ಒಂದು ನಾಳೆಗೆ, ಒಂದು ಫ್ರೀಜರಿಗೆ. ಕೆಲವು ವಾರದಲ್ಲಿ ಫ್ರೀಜರಲ್ಲಿ ನಿಮ್ಮದೇ ಕೈಯಡುಗೆ ನಾಲ್ಕೈದು ಥರದ್ದು ಸೇರ್ಕೊಳ್ಳುತ್ತೆ. ಪಕ್ಕದ ಮನೆಯವರೋ ಸ್ನೇಹಿತರೋ ಇದ್ರೆ ವಾರಕ್ಕೊಂದು ದಿನ ಅವರನ್ನೂ ಊಟಕ್ಕೆ ಕರೀರಿ, ಇನ್ನೊಬ್ಬರು ತಿಂತಾರೆ ಅಂದಾಗ ಮಾಡೋಕೆ ಹುರುಪು ತಾನಾಗೇ ಬರುತ್ತೆ.

ಪ್ರಶ್ನೆ: ಮಕ್ಕಳು ತರಕಾರಿ ಮುಟ್ಟೋದೇ ಇಲ್ಲ.

ಬೈದು ತಿನ್ನಿಸ್ಬೇಡಿ, ತಿಂದ್ರೆ ಚಾಕಲೇಟ್ ಕೊಡ್ತೀನಿ ಅಂತ ಆಸೆನೂ ತೋರಿಸ್ಬೇಡಿ, ತರಕಾರಿ ಅಂದ್ರೆ ಶಿಕ್ಷೆ ಅಂತ ಆಗ್ಬಿಡುತ್ತೆ. ಹೊಸ ರುಚಿನ ಮಕ್ಕಳು ಒಪ್ಕೊಳ್ಳೋಕೆ ಎಷ್ಟೋ ಸಲ ಹತ್ತು ಹದಿನೈದು ಬಾರಿ ತಟ್ಟೇಲಿ ಕಾಣ್ಬೇಕಾಗುತ್ತೆ, ಹಾಗಾಗಿ ಚೂರು ಚೂರೇ ಬಡಿಸ್ತಾ ಇರಿ, ಬಿಟ್ರೂ ಸುಮ್ನಿರಿ. ಬಟಾಣಿ ಬಿಡಿಸೋದು, ಸೊಪ್ಪು ಸೋಸೋದು ಇಂಥ ಕೆಲಸ ಅವರ ಕೈಗೆ ಕೊಡಿ. ಎಲ್ಲಕ್ಕಿಂತ ಮುಖ್ಯ ನೀವು ಅವರ ಎದುರಿಗೇ ಖುಷಿಯಾಗಿ ತಿನ್ನಿ.

ಪ್ರಶ್ನೆ: ಮನೆ ಊಟ ಮಾಡಿದ್ರೆ ತೂಕ ಇಳಿಯುತ್ತಾ?

ಕೆಲವರಿಗೆ ಇಳಿಯುತ್ತೆ, ಕೆಲವರಿಗೆ ಇಳಿಯಲ್ಲ. ಪ್ರಮಾಣ, ನಿದ್ದೆ, ಓಡಾಟ, ಔಷಧಿ ಎಲ್ಲಾ ಸೇರಿ ತೂಕ. ತಕ್ಕಡಿ ಮುಳ್ಳನ್ನೇ ಗುರಿ ಮಾಡ್ಕೊಂಡ್ರೆ ಅದು ಅಲ್ಲಾಡದೇ ಇದ್ದ ವಾರ ಅಡುಗೇನೂ ಬಿಟ್ಬಿಡ್ತೀರಿ. ಈ ವಾರ ಎಷ್ಟು ಸಲ ಮನೇಲಿ ಮಾಡಿದ್ವಿ, ಎಷ್ಟು ಥರ ತರಕಾರಿ ತಿಂದ್ವಿ ಅನ್ನೋದನ್ನ ನೋಡಿ, ಅದು ನಿಮ್ಮ ಕೈಯಲ್ಲಿರೋದು. ಶುಗರ್, ಬಿಪಿ, ಕಿಡ್ನಿ ತೊಂದ್ರೆಗೆ ಮಾತ್ರೆ ತಗೊಳ್ಳೋರು ಊಟದ ರೀತಿ ಜಾಸ್ತಿ ಬದಲಾಯಿಸೋ ಮೊದಲು ಡಾಕ್ಟರ್ ಹತ್ರ ಮಾತಾಡಿ, ಯಾಕಂದ್ರೆ ಊಟ ಬದಲಾದ್ರೆ ಕೆಲವು ಸಲ ಮಾತ್ರೆ ಪ್ರಮಾಣನೂ ಬದಲಾಗ್ಬೇಕಾಗುತ್ತೆ.

ಪ್ರಶ್ನೆ: ಹೊರಗಡೆ ತಿನ್ನೋದು ಪೂರ್ತಿ ನಿಲ್ಲಿಸ್ಬೇಕಾ?

ಯಾಕೆ ನಿಲ್ಲಿಸ್ಬೇಕು? ಸ್ನೇಹಿತರ ಜೊತೆ ಕೂತು ತಿನ್ನೋದು ಬದುಕಿನ ಒಂದು ಖುಷಿ. ಸುಸ್ತು, ಬೇಜಾರು, ಏನೂ ಪ್ಲ್ಯಾನ್ ಇಲ್ಲ ಅನ್ನೋ ಕಾರಣಕ್ಕೆ ತರಿಸೋ ಊಟ ಕಮ್ಮಿ ಆದ್ರೆ ಸಾಕು.

ಪ್ರಶ್ನೆ: ಸರಿ, ಇವತ್ತೇ ಶುರು ಮಾಡ್ತೀನಿ. ಮೊದಲ ಅಡುಗೆ ಏನ್ ಮಾಡ್ಲಿ?

ಒಂದೇ ಪಾತ್ರೇಲಿ ಬೇಳೆ ತರಕಾರಿ ಸೂಪ್ ಮಾಡಿ. ಬೇಗ ಬೇಯೋ ಬೇಳೆ ಒಂದು ಕಪ್ ತೊಳೆದಿಟ್ಕೊಳ್ಳಿ. ದಪ್ಪ ತಳದ ಪಾತ್ರೇಲಿ ಒಂದು ಟೇಬಲ್ ಚಮಚ ಎಣ್ಣೆ ಕಾಯಿಸಿ, ಹೆಚ್ಚಿದ ಒಂದು ಈರುಳ್ಳಿ ಹಾಕಿ ಹೊಂಬಣ್ಣ ಬರೋ ತನಕ ಬಾಡಿಸಿ, ನಾಲ್ಕು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ ಅರ್ಧ ನಿಮಿಷ ಬಿಡಿ, ನಿಮ್ಮಿಷ್ಟದ ಮಸಾಲೆ ಪುಡಿ ಒಂದು ಚಮಚ. ಎರಡು ಕ್ಯಾರೆಟ್ ಸಣ್ಣಗೆ ಹೆಚ್ಚಿ ಬೇಳೆ ಜೊತೆ ಹಾಕಿ ನಾಲ್ಕು ಕಪ್ ನೀರು ಸುರೀರಿ. ಕುದಿ ಬಂದ್ಮೇಲೆ ಉರಿ ಸಣ್ಣ ಮಾಡಿ, ಮುಚ್ಚಳ ಚೂರು ಓರೆ ಇಡಿ, ಪೂರ್ತಿ ಮುಚ್ಚಿದ್ರೆ ನೊರೆ ಉಕ್ಕುತ್ತೆ. ಇಪ್ಪತ್ತು ನಿಮಿಷದ ಆಸುಪಾಸಲ್ಲಿ ಬೇಳೆ ಮೆತ್ತಗಾಗುತ್ತೆ, ನಿಮಗೆ ಬೇಕಾದಷ್ಟು ಟೊಮೆಟೊ ಹೆಚ್ಚಿ ಆಗ ಹಾಕಿ, ಮೊದ್ಲೇ ಹಾಕಿದ್ರೆ ಅದರ ಹುಳಿಗೆ ಬೇಳೆ ಬೇಯೋದು ತಡ ಆಗುತ್ತೆ. ಇನ್ನೊಂದೈದು ನಿಮಿಷ ಕುದಿಸಿ, ಒಂದು ದೊಡ್ಡ ಹಿಡಿ ಸೊಪ್ಪು ಹೆಚ್ಚಿ ಹಾಕಿ, ಮುಕ್ಕಾಲು ಟೀ ಚಮಚ ಉಪ್ಪು ಹಾಕಿ ರುಚಿ ನೋಡಿ, ಇಳಿಸಿದ್ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಗಟ್ಟಿ ಅನ್ನಿಸಿದ್ರೆ ಬಿಸಿನೀರು ಸೇರಿಸಿ, ತೆಳ್ಳಗಾಗಿದ್ರೆ ಸೌಟಲ್ಲಿ ಬೇಳೆನ ಪಾತ್ರೆ ಬದಿಗೆ ಒತ್ತಿ ಮಸೀರಿ. ಮೂರು ಜನಕ್ಕೆ ಸಾಕಾಗುತ್ತೆ. ಅನ್ನದ ಜೊತೆ ತಿನ್ಬಹುದು, ಬ್ರೆಡ್ ಜೊತೆನೂ ಆಗುತ್ತೆ, ಉಳಿದಿದ್ದನ್ನ ಆರಿಸಿ ಡಬ್ಬಿಗೆ ಹಾಕಿಟ್ರೆ ನಾಳೆ ಮಧ್ಯಾಹ್ನಕ್ಕೆ ಆಗುತ್ತೆ, ಮುಂದಿನ ಸಲ ಕ್ಯಾರೆಟ್ ಬದಲು ಮನೇಲಿರೋ ಬೇರೆ ತರಕಾರಿ ಹಾಕಿ.